ಗೂಡಿನ ಬಾಗಿಲು ತೆರೆದಿತ್ತು

ಬಚ್ಚಲಿನ ಬಾಗಿಲನ್ನು ಹೆಂಡತಿ ಇವತ್ತೂ ಸರಿಯಾಗಿ ಹಾಕಿರಲಿಲ್ಲ. ಎರಡು ಬೆರಳಿನಷ್ಟು ಸಂದು. ಮುಖಕ್ಕೆ ಹಚ್ಚಿಕೊಂಡ ಸೋಪು ಒಣಗಿ ಚರ್ಮ ಬಿಗಿಯುವವರೆಗೂ ಅವನು ಆ ಸಂದನ್ನೇ ನೋಡುತ್ತ ನಿಂತ. ಮೂವತ್ತು ವರ್ಷ ಸಂಸಾರ ಮಾಡಿದರೂ ಒಂದು ಬಾಗಿಲು ಹಾಕಲು ಕಲಿಯದ ಹೆಂಗಸು. ಲೋಕ ಕೆಟ್ಟದ್ದು ಯುದ್ಧದಿಂದಲೂ ಅಲ್ಲ, ರೋಗರುಜಿನದಿಂದಲೂ ಅಲ್ಲ, ಹಾಕಬೇಕಾದ ಬಾಗಿಲನ್ನು ಅರ್ಧಕ್ಕೆ ಬಿಟ್ಟು ಹೋಗುವವರಿಂದ ಎಂಬುದು ಅವನ ಬಹುಕಾಲದ ಸಿದ್ಧಾಂತ. ಈ ಸಿದ್ಧಾಂತಕ್ಕೆ ಅವನ ಹತ್ತಿರ ಪುರಾವೆ ಇತ್ತು. ಕಚೇರಿಯ ಕಪಾಟಿನಲ್ಲಿ ಮೂವತ್ತೊಂದು ರಿಜಿಸ್ಟರುಗಳ ತುಂಬ ಪುರಾವೆ. ಆದರೆ ಇವತ್ತು ಬೆಳಿಗ್ಗೆ ಆ ಪುರಾವೆಯನ್ನು ನೆನೆದರೆ ಎಂದಿನ ಹಾಗೆ ಎದೆ ಉಬ್ಬಲಿಲ್ಲ. ಹನ್ನೊಂದು ಗಂಟೆಗೆ ಹೊಲಿಗೆ ಟೀಚರು ಬರುತ್ತಾಳೆ. ಬರಲಿ, ಅವಳೇನು ನನ್ನನ್ನು ತಿಂದುಬಿಡುತ್ತಾಳೆಯೇ ಎಂದುಕೊಂಡು ಬಾಗಿಲನ್ನು ಒದ್ದು ಮುಚ್ಚಿದ. ಹೊರಗಿನಿಂದ ಹೆಂಡತಿ, 'ಅದಕ್ಕೆ ಯಾಕ್ರೀ ಒದೀತೀರಾ, ಅದು ನಿಮ್ಮ ಆಫೀಸಿನ ಗೂಡಲ್ಲ' ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆಯೇ ಅವಳು ಅವನ ಮೇಲೆ ಕೋಪ ಮಾಡಿಕೊಳ್ಳುವುದನ್ನು ಬಿಟ್ಟಿದ್ದಳು.

ಹವಾಮಾನ ಕಚೇರಿಯಲ್ಲಿ ಅವನದು ಅಂಕಿಗಳನ್ನು ತಪಾಸಣೆ ಮಾಡುವ ಕೆಲಸ. ಜಿಲ್ಲೆಯ ಅರವತ್ತೆರಡು ಕಡೆ, ಶಾಲೆಯ ಅಂಗಳದಲ್ಲಿ, ಕಾರ್ಖಾನೆಯ ಹಿತ್ತಿಲಲ್ಲಿ, ರೈಲ್ವೆ ಯಾರ್ಡಿನ ಮೂಲೆಯಲ್ಲಿ, ಬಿಳಿ ಬಣ್ಣ ಬಳಿದ ಮರದ ಗೂಡುಗಳಿದ್ದವು. ಆಳೆತ್ತರದ ಕಾಲುಗಳ ಮೇಲೆ ನಿಂತ, ಗಾಳಿಯಾಡಲು ಸೀಳು ಬಿಟ್ಟ ಹಲಗೆಯ ಗೂಡು, ಒಳಗೆ ಉಷ್ಣಮಾಪಕ. ಬಿಸಿಲು ನೇರವಾಗಿ ಪಾದರಸದ ಮೇಲೆ ಬೀಳಬಾರದು, ಗಾಳಿಯ ಬಿಸಿಯನ್ನಷ್ಟೇ ಅಳೆಯಬೇಕು. ಅದಕ್ಕೇ ಗೂಡು, ಅದಕ್ಕೇ ಬಾಗಿಲು. ಅಲ್ಲಿಯ ಮಾಸ್ತರೋ ಕಾವಲುಗಾರನೋ ಗುಮಾಸ್ತನೋ ಹೊತ್ತುಹೊತ್ತಿಗೆ ಹೋಗಿ ಓದಿ ಫೋನಿನಲ್ಲಿ ಹೇಳಬೇಕು, ಆಮೇಲೆ ಕಾರ್ಡು ಕಳಿಸಬೇಕು. ಬಂದ ಅಂಕಿಯನ್ನು ಇವನು ಹಳೆಯ ಅಂಕಿಗಳ ಪಕ್ಕ ಇಟ್ಟು ನೋಡುತ್ತಿದ್ದ. ಇದುವರೆಗಿನ ಗರಿಷ್ಠಕ್ಕಿಂತ ಒಂದು ಡಿಗ್ರಿ ಮೀರಿತೋ, ಕನಿಷ್ಠಕ್ಕಿಂತ ಒಂದು ಡಿಗ್ರಿ ಇಳಿಯಿತೋ, ಸಂಶಯ. ಸಂಶಯ ಬಂತೋ, ಕೆಂಪು ಗೆರೆ. ಹೊಡೆದುಹಾಕಿದ ಅಂಕಿಯ ಜಾಗದಲ್ಲಿ ನೆರೆಹೊರೆಯ ಎರಡು ಗೂಡುಗಳ ಸರಾಸರಿ ಬರೆದು, ಕಾರಣದ ಕಾಲಂನಲ್ಲಿ ತನ್ನ ದುಂಡು ಅಕ್ಷರದಲ್ಲಿ 'ಗೂಡಿನ ಬಾಗಿಲು ತೆರೆದಿತ್ತು' ಎಂದು ಬರೆಯುತ್ತಿದ್ದ. ಬೇರೆ ಕಾರಣಗಳೂ ಉಂಟು, ಪಾದರಸ ತುಂಡಾಗಿರಬಹುದು, ಓದುವವನ ಕಣ್ಣು ಮಂಜಾಗಿರಬಹುದು; ಆದರೆ ಅವನಿಗೆ ರುಚಿಸುತ್ತಿದ್ದುದು ಬಾಗಿಲೇ. ಬೆನ್ನ ಹಿಂದೆ ಅವನನ್ನು 'ಕೆಂಪು ಪೆನ್ನು' ಎನ್ನುತ್ತಿದ್ದರು. ಅದು ಗೊತ್ತಿದ್ದೂ ಅವನು ಗೊತ್ತಿಲ್ಲದವನ ಹಾಗೆ ಇದ್ದ. ಒಳಗೊಳಗೇ ಅದನ್ನು ಬಿರುದಿನಂತೆ ಧರಿಸಿದ್ದ. ಮೊದಮೊದಲು ತಿಂಗಳಿಗೆ ಒಂದೋ ಎರಡೋ ಗೆರೆ. ಈಚೆಗೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು, ಐದು. ಹಿಂದಿನವರ ಶಿಸ್ತು ಈಗಿನವರಿಗೆಲ್ಲಿ ಬರಬೇಕು, ಎಲ್ಲರ ಕಣ್ಣೂ ಮೊಬೈಲಿನ ಮೇಲೆ, ಕೈ ಮಾತ್ರ ಗೂಡಿನ ಬಾಗಿಲ ಮೇಲೆ ಎಂದು ಅವನು ಹೆಚ್ಚುತ್ತಿರುವ ಗೆರೆಗಳನ್ನು ನೋಡಿ ಮೂಗು ಮುರಿಯುತ್ತಿದ್ದ. ಗೂಡುಗಳನ್ನು ಕಣ್ಣಾರೆ ನೋಡಲು ಹೋಗಿ ಅವನಿಗೇ ಎಂಟು ವರ್ಷವಾಗಿತ್ತು.

ಬಸ್ಸಿನಲ್ಲಿ ಪಕ್ಕದವನು ತೋಳಿಗೆ ತೋಳು ಒತ್ತಿ ಕುಳಿತಿದ್ದ. ಬೆವರು. ಜನ ಹೇಗೆ ಇಷ್ಟು ಬೆವರುತ್ತಾರೆ, ನಾಚಿಕೆಯಿಲ್ಲದೆ? ಎಂದುಕೊಂಡು ಅವನು ಕಿಟಕಿಯ ಕಡೆ ಸರಿದ. ಬೇಸಿಗೆ ಮುಗಿದು ತಿಂಗಳು ಕಳೆದರೂ ಬಿಸಿ ಇಳಿದಿರಲಿಲ್ಲ. ಹೊಸ ಡಾಂಬರು ಹಾಕಿದ ರಸ್ತೆಯ ಮೇಲೆ ಬಸ್ಸು ಮೆತ್ತಗೆ ಓಡತೊಡಗಿದಾಗ ಅವನಿಗೆ ಇದೇ ರಸ್ತೆ ಇರಬೇಕು ಅನ್ನಿಸಿತು. ಎಲ್ಲಿ ಬಿದ್ದನೋ ಆ ಟೀಚರಿನ ಗಂಡ, ಯಾವ ಕಂಬದ ಹತ್ತಿರ. ಯಾವ ರಸ್ತೆಯಾದರೂ ನನಗೇನು. ಟೀಚರಿನ ಕಾಗದಗಳು ಮೂರು ಬಂದಿದ್ದವು. ಮೊದಲನೆಯದರಲ್ಲಿ, ನೀವು ನನ್ನ ಅಂಕಿ ಹೊಡೆದುಹಾಕಿದ ದಿನ ಬಾಗಿಲು ಹಾಕಿಯೇ ಇತ್ತು, ದಯವಿಟ್ಟು ಮತ್ತೆ ಪರಿಶೀಲಿಸಿ ಎಂದಿತ್ತು. ಎರಡನೆಯದರಲ್ಲಿ ಗಂಡ ತೀರಿಕೊಂಡದ್ದು, ಅದೇ ದಿನ, ಎರಡೂವರೆಗೆ. ಮೂರನೆಯದನ್ನು ಅವನು ಪೂರ್ತಿ ಓದಿರಲಿಲ್ಲ. ಮೂರಕ್ಕೂ ಅಚ್ಚು ಹಾಕಿದ ಒಂದೇ ಉತ್ತರ ಕಳಿಸಿದ್ದ. ಕಾರಣದ ಜಾಗ ತುಂಬಿದ್ದ, ಸಹಿಯ ಜಾಗದಲ್ಲಿ ಕಚೇರಿಯ ಮೊಹರು ಒತ್ತಿದ್ದ. ಉತ್ತರ ಕೊಡದೆ ಇರುವುದು ಅಸಭ್ಯತೆ. ತಾನು ಯಾವತ್ತೂ ಅಸಭ್ಯನಾಗಿ ನಡೆದುಕೊಂಡವನಲ್ಲ.

ಆ ದಿನವನ್ನು ಅವನು ಈ ಎರಡೂವರೆ ತಿಂಗಳಲ್ಲಿ ಎಷ್ಟು ಸಲ ತಿರುವಿ ಹಾಕಿದ್ದನೆಂದರೆ ಅದರ ಅಂಚುಗಳು ಸವೆದುಹೋಗಿದ್ದವು. ಹನ್ನೆರಡು ಗಂಟೆ. ರೆಕಾರ್ಡು ಕೋಣೆ. ಯಂತ್ರಗಳು ಕೆಡಬಾರದೆಂದು ಆ ಕೋಣೆಯನ್ನು ಯಾವಾಗಲೂ ತಣ್ಣಗೆ ಇಟ್ಟಿರುತ್ತಿದ್ದರು. ಎಷ್ಟು ತಣ್ಣಗೆಂದರೆ ಕಡುಬೇಸಿಗೆಯಲ್ಲಿ ಅವನು ಅಲ್ಲಿ ಹೆಂಡತಿ ಹೆಣೆದ ಬೂದು ಸ್ವೆಟರು ಹಾಕಿಕೊಂಡು ಕೂರುತ್ತಿದ್ದ. ಎ.ಸಿ.ಯ ಡಬ್ಬಗಳು ಗೋಡೆಯ ಆಚೆ, ಬಸ್ಸಿಗೆ ಕಾಯುವವರ ನೆತ್ತಿಯ ಮೇಲೆ ಬಿಸಿಗಾಳಿ ಊದುತ್ತಿದ್ದವು. ಬೇಸಿಗೆಯ ಮೂರು ತಿಂಗಳು ಮಧ್ಯಾಹ್ನದ ಅಂಕಿಯನ್ನು ಫೋನಿನಲ್ಲೇ ತೆಗೆದುಕೊಳ್ಳುವ ಪದ್ಧತಿ, ಏಕೆಂದರೆ ಅಧಿಕೃತ ಅಂಕಿ ನಲವತ್ತೈದು ದಾಟಿದರೆ ಎಚ್ಚರಿಕೆ ಹೊರಡಬೇಕು; ಹೊರಟರೆ ರಸ್ತೆ, ಕಟ್ಟಡ, ಗಣಿ, ಬಯಲಿನ ಕೆಲಸವೆಲ್ಲ ನಾಲ್ಕು ಗಂಟೆಯವರೆಗೆ ನಿಲ್ಲಬೇಕು. ಅಧಿಕೃತ ಎಂದರೆ ಅವನು ಟಿಕ್ಕು ಹಾಕಿದ್ದು. ಹುಡುಗಿಯರ ಶಾಲೆಯ ಹೊಲಿಗೆ ಟೀಚರು ಎಂದಿನಂತೆ ಹನ್ನೆರಡಕ್ಕೆ ಸರಿಯಾಗಿ ಫೋನು ಮಾಡಿದಳು.

'ನಲವತ್ತಾರು ಪಾಯಿಂಟ್ ಎರಡು, ಸರ್.'

'ಎಷ್ಟು?'

'ನಲವತ್ತಾರು ಪಾಯಿಂಟ್ ಎರಡು.'

'ಬಾಗಿಲು ಹಾಕಿದ್ರೇನಮ್ಮ?'

'ಹಾಕಿತ್ತು ಸರ್. ಓದೋವಾಗ ತೆಗೆದೆ, ಓದಿ ಹಾಕಿದೆ.'

'ಎಲ್ಲರೂ ಹಾಗೇ ಹೇಳ್ತಾರೆ. ಹೋಗಿ ಬಾಗಿಲು ಹಾಕಿ, ಹತ್ತು ನಿಮಿಷ ಬಿಟ್ಟು ನೋಡಿ. ಸೂಜಿಗೆ ದಾರ ಪೋಣಿಸಿದಷ್ಟು ಸುಲಭ ಅಲ್ಲ ಇದು.'

ಈ ಕೊನೆಯ ಮಾತು ಆಡಿದಾಗ ಎದುರಿನ ಮೇಜಿನ ಗುಮಾಸ್ತ ನಕ್ಕಿದ್ದ, ಅವನಿಗೂ ತನ್ನ ಮಾತು ಚೆನ್ನಾಗಿದೆ ಅನ್ನಿಸಿತ್ತು. ಹತ್ತು ನಿಮಿಷಕ್ಕೆ ಅವಳು ಮತ್ತೆ ಫೋನು ಮಾಡಿದಳು. ಏದುಸಿರು ಬಿಡುತ್ತಿದ್ದಳು, ಮೈದಾನ ದಾಟಿ ಓಡಿ ಬಂದಿರಬೇಕು. 'ನಲವತ್ತಾರು ಪಾಯಿಂಟ್ ನಾಲ್ಕು ಸರ್. ಏರಿದೆ.' ಅವನು 'ಹೂಂ' ಎಂದು ಫೋನಿಟ್ಟ. ಊಟದ ಡಬ್ಬಿ ತೆರೆದಿತ್ತು. ಕೆಂಪು ಗೆರೆ ಎಳೆದ. ನೆರೆಹೊರೆಯ ಎರಡು ಗೂಡುಗಳ ಸರಾಸರಿ, ನಲವತ್ತಮೂರು ಪಾಯಿಂಟ್ ಎಂಟು, ಬರೆದು ಟಿಕ್ಕು ಹಾಕಿದ. ಎಚ್ಚರಿಕೆ ಹೊರಡಲಿಲ್ಲ. ಊಟ ತಣ್ಣಗಾಗಿದೆ ಎಂದು ಅವತ್ತು ಸಂಜೆ ಹೆಂಡತಿಯನ್ನು ಬೈದದ್ದು ಅವನಿಗೆ ಇನ್ನೂ ನೆನಪಿದೆ.

ಕಚೇರಿಯ ಮೆಟ್ಟಿಲ ಮೇಲೆ ಲೆಕ್ಕದ ಹುಡುಗಿ ಕಾಯುತ್ತಿದ್ದಳು. ಎರಡು ವರ್ಷದ ಹಿಂದೆ ಬಂದ ಸಂಶೋಧಕಿ, ಹುಡುಗಿಯೆಂದು ಕರೆಯುವವನು ಇವನೊಬ್ಬನೇ. ಕ್ಯಾನ್ವಾಸ್ ಬೂಟು ಹಾಕಿಕೊಂಡು ಬರುತ್ತಿದ್ದಳು, ಸಾಹೇಬರೆದುರು ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದಳು, ಗೂಡು ನೋಡದೆ ಕಂಪ್ಯೂಟರಿನಲ್ಲೇ ಹವಾಮಾನ ಹುಟ್ಟಿಸುತ್ತಿದ್ದಳು. ಅವಳನ್ನು ತಿರಸ್ಕರಿಸಲು ಇಷ್ಟು ಸಾಕು. ಟೀಚರಿನ ಕಾಗದಗಳಲ್ಲಿ ಮೂರನೆಯದು ಹೇಗೋ ಅವಳ ಕೈಸೇರಿತ್ತು. ಅವಳೇ ಟೀಚರನ್ನು ಇವತ್ತು ಬರಹೇಳಿದವಳು.

'ಸರ್, ಅವರು ಬರೋದ್ರೊಳಗೆ ಒಂದು ಐದು ನಿಮಿಷ ಕೊಡ್ತೀರಾ? ನಿಮಗೊಂದು ತೋರಿಸ್ಬೇಕು.'

ಅವಳು ಅವನ ಮೇಜಿನ ಮೇಲೆ ಉದ್ದನೆಯ ಕಾಗದ ಹಾಸಿದಳು. ನಡುವೆ ಒಂದು ಅಡ್ಡಗೆರೆ, ಅದರ ಮೇಲೂ ಕೆಳಗೂ ಕೆಂಪು ಚುಕ್ಕೆಗಳು. ಏನಿದು ಮಕ್ಕಳಾಟ ಎಂದು ಅವನು ಕನ್ನಡಕ ಏರಿಸಿದ. 'ಇವೆಲ್ಲ ನೀವು ಹೊಡೆದುಹಾಕಿದ ಅಂಕಿಗಳು ಸರ್, ಮೂವತ್ತೊಂದು ವರ್ಷದ್ದು. ಬಿಸಿ ಜಾಸ್ತಿ ಆಯ್ತು ಅಂತ ಹೊಡೆದದ್ದು ಮೇಲೆ, ತಂಪು ಜಾಸ್ತಿ ಆಯ್ತು ಅಂತ ಹೊಡೆದದ್ದು ಕೆಳಗೆ.' ಎಡಗಡೆ, ಮೊದಲ ವರ್ಷಗಳಲ್ಲಿ, ಚುಕ್ಕೆಗಳು ಎರಡೂ ಕಡೆ ಅಲ್ಲೊಂದು ಇಲ್ಲೊಂದು, ಚೆಲ್ಲಿದ ಕಾಳಿನ ಹಾಗೆ ಬಿದ್ದಿದ್ದವು. ಬಲಕ್ಕೆ ಬಂದಂತೆ ಕೆಳಗಿನವು ತೆಳುವಾದವು. ಕೊನೆಯ ಹತ್ತು ವರ್ಷ ಗೆರೆಯ ಕೆಳಗೆ ಬರೀ ಬಿಳಿ ಕಾಗದ. ಮೇಲೆ ಮಾತ್ರ ಕೆಂಪು, ಒತ್ತೊತ್ತಾಗಿ, ಏರುತ್ತ ಏರುತ್ತ. ಅವನು ಎಳೆದ ಗೆರೆಗಳು ಇಷ್ಟಿವೆಯೆಂದು ಅವನಿಗೇ ಗೊತ್ತಿರಲಿಲ್ಲ. ಒಂದು ಕ್ಷಣ ಹೆಮ್ಮೆಯೇ ಆಯಿತು.

'ತಪ್ಪು ಅಂದ್ರೆ ಎರಡೂ ಕಡೆ ಬೀಳ್ಬೇಕಲ್ವಾ ಸರ್?'

'ಜನ ಅಸಡ್ಡೆ ಆಗಿದಾರಮ್ಮ. ಬಾಗಿಲು ಹಾಕಲ್ಲ. ವರ್ಷದಿಂದ ವರ್ಷಕ್ಕೆ ಅಸಡ್ಡೆ ಹೆಚ್ಚಿದೆ. ನಿನ್ನ ಚಿತ್ರದಲ್ಲಿ ಕಾಣ್ತಿರೋದು ಅದೇ.'

ಅವಳು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. 'ಇದರಲ್ಲಿ ಮೂರನೇ ಒಂದು ಪಾಲು ರಾತ್ರಿಯ ಅಂಕಿ ಸರ್. ರಾತ್ರಿ ಬಾಗಿಲು ತೆರೆದೇ ಇದ್ರೂ ಒಳಗೆ ಯಾವ ಬಿಸಿಲು ಬರುತ್ತೆ?'

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆ ಅವನಿಗೆ ಯಾಕೆ ಹೊಳೆದಿರಲಿಲ್ಲ? ರಾತ್ರಿಯ ಕಾರ್ಡುಗಳ ಮೇಲೂ ಅವನ ದುಂಡು ಅಕ್ಷರ ಅದೇ ಕಾರಣ ಬರೆದಿತ್ತು. ಬರೆದದ್ದು ಅವನ ಕೈ, ತಲೆ ಆಗ ಎಲ್ಲಿತ್ತೋ. ಎದುರಿನ ಮೇಜಿನ ಗುಮಾಸ್ತ ಫೈಲಿನಲ್ಲಿ ಮುಖ ಹುದುಗಿಸಿ ಕೇಳಿಸಿಕೊಳ್ಳುತ್ತಿದ್ದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇದಕ್ಕೆ ಬಾಲ ಬಾಯಿ ಎರಡೂ ಬೆಳೆಯುತ್ತವೆ. ಹುಡುಗಿ ಆ ದಿನದ ರಿಜಿಸ್ಟರು ತೆರೆದು ಬೆರಳಿಟ್ಟಳು. 'ಇಲ್ಲಿ ನೋಡಿ. ಟೀಚರದ್ದು ಹೊಡೆದು, ನೆರೆಯ ಎರಡರ ಸರಾಸರಿ ಹಾಕಿದೀರಿ. ರೈಲ್ವೆ ಯಾರ್ಡು ನಲವತ್ತಮೂರು ಪಾಯಿಂಟ್ ಒಂಬತ್ತು, ಕಾಗದದ ಕಾರ್ಖಾನೆ ನಲವತ್ತಮೂರು ಪಾಯಿಂಟ್ ಏಳು. ಆದರೆ ಯಾರ್ಡಿನೋರು ಫೋನಲ್ಲಿ ಹೇಳಿದ್ದು ನಲವತ್ತೈದು ಪಾಯಿಂಟ್ ಆರು. ಕಾರ್ಖಾನೆಯೋರು ಹೇಳಿದ್ದು ನಲವತ್ತೈದು ಪಾಯಿಂಟ್ ಮೂರು. ಅವೆರಡನ್ನೂ ನೀವೇ ಹತ್ತು ನಿಮಿಷ ಮೊದಲು ಹೊಡೆದಿದ್ರಿ.' ಅವನು ನೋಡಿದ. ಮೂರು ಗೂಡು, ಮೂರು ಜನ, ಒಬ್ಬರ ಮುಖ ಒಬ್ಬರು ಕಾಣದವರು, ಒಂದೇ ಮಾತು ಹೇಳಿದ್ದರು. ಮೂವರನ್ನೂ ಸುಳ್ಳರನ್ನಾಗಿ ಮಾಡಿ ಅವನು ತನ್ನ ಮಾತಿಗೆ ತನ್ನನ್ನೇ ಸಾಕ್ಷಿ ಕರೆದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನೂ ಇಷ್ಟು ಮಾಡುವುದಿಲ್ಲ, ಅವನು ಕಡೇಪಕ್ಷ ಮೊಲವನ್ನಾದರೂ ಹಿಡಿದಿರುತ್ತಾನೆ.

ಆಮೇಲೆ ಅವಳು ತನ್ನ ಲೆಕ್ಕ ಹೇಳಿದಳು. ಬೇಡವೆನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಕಂಪ್ಯೂಟರಿನೊಳಗೆ ಎರಡು ಲೋಕ ಇಟ್ಟುಕೊಂಡಿದ್ದಾಳಂತೆ. ಒಂದು, ಈಗಿರುವುದು, ಇನ್ನೂರು ವರ್ಷದಿಂದ ಮನುಷ್ಯರು ಕಲ್ಲಿದ್ದಲು ಎಣ್ಣೆ ಸುಟ್ಟ ಹೊಗೆಯಲ್ಲಿ ಬೆಚ್ಚಗಾದದ್ದು. ಇನ್ನೊಂದು, ಆ ಹೊಗೆಯೇ ಇಲ್ಲದ ಲೋಕ. ಎರಡರಲ್ಲೂ ಸಾವಿರಾರು ಬೇಸಿಗೆಗಳನ್ನು ಓಡಿಸಿ, ಆ ದಿನದಂಥ ದಿನ ಎಷ್ಟು ಸಲ ಬರುತ್ತದೆಂದು ಎಣಿಸುವುದು. 'ನೀವು ಬರೆದ ನಲವತ್ತಮೂರು ಪಾಯಿಂಟ್ ಎಂಟು ಇಟ್ರೆ, ಅದೊಂದು ಮಾಮೂಲಿ ಸೆಕೆ ಸರ್, ಎರಡೂ ಲೋಕದಲ್ಲಿ ಬರೋದು. ಟೀಚರ ಅಂಕಿ ಇಟ್ರೆ, ಹೊಗೆ ಇಲ್ಲದ ಲೋಕದಲ್ಲಿ ಸಾವಿರ ವರ್ಷ ಕಾದ್ರೂ ಅಂಥ ದಿನ ಸಿಗಲ್ಲ. ನಮ್ಮ ಲೋಕದಲ್ಲಿ ಹನ್ನೆರಡು ವರ್ಷಕ್ಕೊಂದು ಸಲ. ಇನ್ನು ಮುಂದೆ ಇನ್ನೂ ಬೇಗ ಬೇಗ. ಆ ದಿನದ ಬಿಸಿಯಲ್ಲಿ ಸುಮಾರು ಎರಡು ಡಿಗ್ರಿ ಸೂರ್ಯಂದಲ್ಲ ಸರ್, ನಮ್ದು.' ನಮ್ದು ಎಂದಾಗ ಅವನಿಗೆ ರೇಗಿತು. ಯಾರದು? ಬಸ್ಸಿನಲ್ಲಿ ತೋಳು ಒತ್ತಿದವನದೇ? ಡಾಂಬರಿನ ರೋಲರು ಓಡಿಸುವವನದೇ? ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡ ಅವನು ಇಷ್ಟು ವರ್ಷ ಲೋಕದ ತಪ್ಪನ್ನು ಎರಡು ಬೆರಳಿನ ಸಂದಿನಲ್ಲಿ, ಗುಮಾಸ್ತರ ಕೈಯಲ್ಲಿ, ಹೆಂಡತಿಯ ಬಚ್ಚಲಿನಲ್ಲಿ ಹುಡುಕಿದ್ದ. ಆಕಾಶದಷ್ಟು ದೊಡ್ಡ ಬಾಗಿಲು ತೆರೆದು ಬಿದ್ದಿರುವುದು ಅವನಿಗೆ ಕಾಣಿಸಿರಲಿಲ್ಲ. ಕಾಣಿಸಿರಲಿಲ್ಲವೋ, ಕಂಡಾಗೆಲ್ಲ ಕೆಂಪು ಗೆರೆ ಎಳೆದಿದ್ದನೋ. ಅವನು ಸ್ವೆಟರಿನ ಗುಂಡಿ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ.

ಸಾಹೇಬರು ಕರೆಸಿದರು. ಈಗ ಮಾನ ಹೋಗುತ್ತದೆ ಎಂದು ಅವನು ಹೊರಟ. ಹೋಗಲಿ ಎಂಬ ಒಂದು ಹುಮ್ಮಸ್ಸೂ ಇತ್ತು, ನಿವೃತ್ತಿಗೆ ಹನ್ನೊಂದು ದಿನವಿರುವಾಗ ಒಂದು ಸಲವಾದರೂ ನೆಟ್ಟಗೆ ನಿಂತು ನಾನು ತಪ್ಪು ಮಾಡಿದೆ ಎಂದುಬಿಡುವ ಹುಮ್ಮಸ್ಸು. ಮೆಟ್ಟಿಲು ಹತ್ತುತ್ತ ವಾಕ್ಯವನ್ನೂ ಜೋಡಿಸಿಕೊಂಡ. ಸಾಹೇಬರ ಕೋಣೆಯಲ್ಲಿ ಸಾಹೇಬರ ಅತ್ತರಿನ ವಾಸನೆ ಸಾಹೇಬರಿಗಿಂತ ಮೊದಲು ಎದುರಾಗುತ್ತಿತ್ತು. ಅವರು ನಗುತ್ತಿದ್ದರು.

'ಬನ್ರೀ, ಬನ್ರೀ. ಆ ಅಮ್ಮನ ಅಂಕಿ ನಿಜ ಅಂತಲ್ಲ?'

'ಸರ್, ಅದು ನನ್ನ ಕಡೆಯಿಂದ...'

'ದಾಖಲೆ ಕಣ್ರೀ! ಈ ಭಾಗದಲ್ಲೇ ಇದುವರೆಗೆ ಇಂಥಾದ್ದು ಆಗಿಲ್ಲ. ಆ ಸಂಶೋಧನೆ ಮೇಡಂ ವರದಿ ಹೊರದೇಶದಲ್ಲೆಲ್ಲ ಅಚ್ಚಾಗುತ್ತೆ, ನಮ್ಮ ಕಚೇರಿ ಹೆಸರಲ್ಲಿ. ನಾಳೆ ಪತ್ರಿಕೆಯೋರು ಬರ್ತಾರೆ. ನೀವೂ ಕೂತ್ಕೊಳ್ಳಿ, ಹಳೇ ಅನುಭವಸ್ಥರು ಒಬ್ರು ಇದ್ರೆ ಚೆನ್ನಾಗಿರುತ್ತೆ.'

'ಆದ್ರೆ ಸರ್, ಅವತ್ತು ನಾನು ಗೆರೆ ಹೊಡೆದಿದ್ದರಿಂದ ಎಚ್ಚರಿಕೆ...'

ಸಾಹೇಬರ ನಗು ಹಾಗೇ ಇತ್ತು, ಕಣ್ಣು ಮಾತ್ರ ಕಿರಿದಾಯಿತು. 'ಗೆರೆ ಗಿರೆ ಅಂತೆಲ್ಲ ಯಾಕ್ರೀ? ತಿದ್ದುಪಡಿ ಅನ್ನೋ ಪದ ಬೇಡ. ಮರುಪರಿಶೀಲನೆಯಲ್ಲಿ ದೃಢಪಟ್ಟಿದೆ ಅಂತ ಬರೀರಿ. ಪರಿಶೀಲಿಸಿದೋರು ನೀವೇ ಅಂತ ನಿಮ್ಮ ಹೆಸರೂ ಹಾಕಿ. ಹೋಗೋ ಕಾಲಕ್ಕೆ ಒಂದು ಕೀರ್ತಿ. ಅದು ಬಿಟ್ಟು ಯಾಕೆ ಸುಮ್ನೆ ಕೆಸರಿಗೆ ಕಲ್ಲು ಹಾಕ್ತೀರಾ, ಹಾರೋದು ನಿಮ್ಮ ಮೇಲೊಂದೇ ಅಲ್ಲ.'

ಎಷ್ಟು ನೀಚ ಮನುಷ್ಯ ಇವನು ಎಂದುಕೊಂಡ. ಸತ್ತವನ ಬೆವರನ್ನೂ ಅತ್ತರು ಮಾಡಿ ಪೂಸಿಕೊಳ್ಳಬಲ್ಲ. ಛೀ ಎಂದು ಎದ್ದು ಬರಬೇಕು ಎಂದುಕೊಂಡವನು, 'ಆಗಲಿ ಸರ್' ಎಂದ. ಬಾಗಿಲನ್ನು ಮೆಲ್ಲಗೆ, ಸಪ್ಪಳವಾಗದಂತೆ ಹಾಕಿಕೊಂಡು ಹೊರಬಂದ. ಮೆಟ್ಟಿಲಿಳಿಯುತ್ತ ನೋಡಿಕೊಂಡರೆ ಮೈಯೆಲ್ಲ ಹಗುರವಾಗಿತ್ತು. ನೆಟ್ಟಗೆ ನಿಲ್ಲುವ ಹುಮ್ಮಸ್ಸಿಗಿಂತ ಬಾಗಿ ಪಾರಾಗುವ ಈ ಹಗುರು ಎಷ್ಟು ಹಿತ. ಸಾಹೇಬರ ಮೇಲಿನ ತಿರಸ್ಕಾರ ಅವನೊಳಗೆ ಒಂದು ಸುತ್ತು ಹಾಕಿ, ಬೇರೆಲ್ಲೂ ಕೂರಲು ಜಾಗ ಸಿಗದೆ, ಅವನ ಮೇಲೇ ಬಂದು ಕೂತಿತು.

ಹೊಲಿಗೆ ಟೀಚರು ಅವನ ಮೇಜಿನ ಮುಂದೆ ನಿಂತಿದ್ದಳು. ಇಷ್ಟು ಕುಳ್ಳಗಿನ ಹೆಂಗಸೆಂದು ಅವನು ಊಹಿಸಿರಲಿಲ್ಲ. ನಾಲ್ಕು ಬೇಸಿಗೆ ಫೋನಿನಲ್ಲಿ ಕೇಳಿದ ದನಿಗೆ ಅವನು ಎತ್ತರದ, ಜಗಳಗಂಟಿಯಂಥ ಮೈ ತೊಡಿಸಿದ್ದ. ನಲವತ್ತು ದಾಟಿದ್ದಿರಬಹುದು, ಬಲಗೈಯ ನಡುಬೆರಳಿನ ತುದಿ ಸೂಜಿ ತಾಗಿ ತಾಗಿ ಗಟ್ಟಿಯಾಗಿತ್ತು. ಹುಡುಗಿ ಅವಳಿಗೆ ಕುರ್ಚಿ ಎಳೆದುಕೊಟ್ಟು, 'ಇವರು ಅವತ್ತಿನ ನಿಮ್ಮ ಅಂಕಿಗೆ ಸರ್ಟಿಫಿಕೇಟ್ ಬರೆದುಕೊಡ್ತಾರೆ ಮೇಡಂ' ಎಂದಷ್ಟೇ ಹೇಳಿ, ಅವನ ಕಡೆ ಒಮ್ಮೆ ನೋಡಿ, ಹೊರಗೆ ಹೋದಳು. ಉಳಿದದ್ದನ್ನು ನೀವೇ ಹೇಳಿ ಎಂಬ ನೋಟ ಅದು. ಅವನು ತಲೆ ತಗ್ಗಿಸಿ ಫಾರಂ ಹುಡುಕತೊಡಗಿದ.

'ಚಳಿ ಇದೆ ಇಲ್ಲಿ' ಎಂದಳು ಟೀಚರು, ಸೆರಗು ಹೊದ್ದುಕೊಳ್ಳುತ್ತ. ಆಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ತೇದಿ, ಹೊತ್ತು, ಅಂಕಿ. ನಾಲ್ಕನೆಯ ಕಾಲಂನಲ್ಲಿ ಒಂದು ಗುರುತು. 'ಅದೇನು?' ಎಂದ ಅವನು, ಆದಷ್ಟು ಮೆತ್ತಗೆ, ಗಂಟಲಿನ ಮೇಲುಗಡೆಯಿಂದ. ಫೋನಿನ ದನಿ ಬರಬಾರದು.

'ಗಂಟು ಸರ್. ಮೊದಲನೇ ವರ್ಷ ಒಂದು ಕಾರ್ಡು ವಾಪಸ್ಸು ಬಂತು, ಬಾಗಿಲು ತೆರೆದಿತ್ತು ಅಂತ. ನನಗೆ ಸಂಕಟ ಆಯ್ತು. ಅವತ್ತಿಂದ ಓದಿದ ಮೇಲೆ ಬಾಗಿಲಿಗೆ ಎರಡೆಳೆ ದಾರ ಸುತ್ತಿ ಗಂಟು ಹಾಕ್ತೀನಿ. ಮುಂದಿನ ಸಲ ಗಂಟು ಹಾಗೇ ಇದ್ರೆ ಇಲ್ಲಿ ಗುರುತು. ನಾಲ್ಕು ವರ್ಷದಲ್ಲಿ ಒಂದು ದಿನ ಗಂಟು ಬಿಚ್ಚಿತ್ತು, ಗಾಳಿಗೆ. ಅವತ್ತಿನ ಅಂಕಿ ನಾನೇ ಕಳಿಸ್ಲಿಲ್ಲ.'

ಅವನು ಪುಟ ತಿರುಗಿಸಿದ. ಗುರುತು, ಗುರುತು, ಗುರುತು. ಹೊಲಿದ ಹಾಗೆ ಸಾಲಾಗಿ. ಎಂಥ ಅಸಹ್ಯ ಶಿಸ್ತು. ಇಂಥ ಒಬ್ಬರಿಗಾಗಿ ಜೀವನವಿಡೀ ಹುಡುಕಿ, ಯಾರೂ ಇಲ್ಲ, ಎಲ್ಲರೂ ಸೋಮಾರಿಗಳು ಎಂದು ತೀರ್ಮಾನಿಸಿದ್ದ. ಇದ್ದ ಒಬ್ಬಳಿಗೆ ಸೂಜಿ ದಾರದ ಮಾತಾಡಿದ್ದ.

ಅವಳು ಕೇಳದೆಯೇ ಹೇಳಿದಳು. ಗಂಡ ಡಾಂಬರಿನ ರೋಲರು ಓಡಿಸುತ್ತಿದ್ದ. ಮೇಲೆ ಬಿಸಿಲು, ಕೆಳಗೆ ಕುದಿಯುವ ಡಾಂಬರು. ಎರಡು ಗಂಟೆಗೆ ಇಳಿದು ತೂರಾಡಿದನಂತೆ, ನಾಲಿಗೆ ತೊದಲಿತಂತೆ, ಏನೇನೋ ಬಡಬಡಿಸಿದನಂತೆ. ಮೇಸ್ತ್ರಿ ನಕ್ಕು, ಹಗಲೇ ಏರಿಸಿದಾನೆ, ಇಳಿಯೋವರೆಗೂ ಮಲಗಿಸಿ ಎಂದು ರೋಲರಿನ ನೆರಳಲ್ಲಿ ಮಲಗಿಸಿದನಂತೆ. ಅರ್ಧ ಗಂಟೆ ಯಾರೂ ನೀರು ಸಹ ಹಾಕಲಿಲ್ಲ. 'ಆಸ್ಪತ್ರೆ ಕಾಗದದಲ್ಲೂ ಕುಡಿದಿದ್ದ ಅಂತ ಬರೆದ್ರು. ಸೆಕೆಗೆ ಹೋಗಿದ್ದು ಅಂತ ನಾನು ಹೇಳಿದ್ರೆ, ಅವತ್ತು ನಲವತ್ತನಾಲ್ಕೂ ಇರ್ಲಿಲ್ಲ, ಸರ್ಕಾರಿ ಲೆಕ್ಕ ಇದೆ ಅಂದ್ರು. ನಮ್ಮ ಯಜಮಾನ್ರು ಒಂದು ದಿನ ಮುಟ್ಟಿದೋರಲ್ಲ ಸರ್. ನಮ್ಮ ಮೈದುನ ಅಂತಾನೆ, ಅತ್ತಿಗೆಗೆ ಗೂಡು ನೋಡಕ್ಕೂ ಬರಲ್ಲ, ಗಂಡನ ಕುಡಿತ ಮುಚ್ಚಿಕೊಳ್ಳೋಕೆ ಅಂಕಿ ಸುಳ್ಳು ಹೇಳ್ತಾಳೆ ಅಂತ. ನನ್ನ ಮಗಳು ಮೊನ್ನೆ ಕೇಳಿದಳು, ಅಮ್ಮಾ, ಅಪ್ಪ ನಿಜವಾಗ್ಲೂ ಕುಡೀತಿದ್ರಾ ಅಂತ. ಅದಕ್ಕೇ ಬಂದೆ. ನನಗೆ ಬೇರೆ ಏನೂ ಬೇಡ.'

ಅವನು ಬರೆದ. ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ನಲವತ್ತಾರು ಪಾಯಿಂಟ್ ನಾಲ್ಕು ಡಿಗ್ರಿ. ಮರುಪರಿಶೀಲನೆಯಲ್ಲಿ ದೃಢಪಟ್ಟಿದೆ. ನೀಲಿ ಶಾಯಿಯಲ್ಲಿ, ಅಕ್ಷರವನ್ನು ಬೇಕೆಂದೇ ಉದ್ದುದ್ದ ಎಳೆದು, ತನ್ನ ದುಂಡು ಬರಹವೆಂದು ಗೊತ್ತಾಗದ ಹಾಗೆ. ಅವಳು ಓದಿದಳು, ತುಟಿ ಅಲ್ಲಾಡಿಸುತ್ತ, ಎರಡು ಸಲ.

'ಬಾಗಿಲು ಹಾಕಿತ್ತು ಅಂತ ಒಂದು ಸಾಲು ಬರೀತೀರಾ?'

'ಫಾರಂನಲ್ಲಿ ಅದಕ್ಕೆ ಜಾಗ ಇಲ್ಲಮ್ಮ.'

'ತೆರೆದಿತ್ತು ಅಂತ ಬರಿಯೋಕೆ ಜಾಗ ಇತ್ತಲ್ಲ ಸರ್.'

ಗುಮಾಸ್ತ ತಲೆಯೆತ್ತಿದ. ಅವನು ಕಾಗದವನ್ನು ಮತ್ತೆ ಎಳೆದುಕೊಂಡು ಅಂಚಿನಲ್ಲಿ, ಸಣ್ಣಗೆ, 'ಗೂಡಿನ ಬಾಗಿಲು ಹಾಕಿತ್ತು' ಎಂದು ಬರೆದ. ಇಷ್ಟು ವರ್ಷದಲ್ಲಿ ಆ ವಾಕ್ಯ ಬರೆದದ್ದು ಅದೇ ಮೊದಲು. ಮೊಹರು ಒತ್ತಿದ, ಸಹಿ ಮಾಡಿದ. ಈಗ ಹೇಳಬೇಕು, ಈಗಲೇ, ಅವಳು ಕಾಗದ ಮಡಿಸುವುದರೊಳಗೆ. ಹೊಡೆದದ್ದು ನಾನೇ. ಎರಡು ಪದ. ಮೂರು ವರ್ಷದ ಮಗುವೂ ಹೇಳಬಲ್ಲ ಪದಗಳು. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗೆ ಇಟ್ಟಳು, ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿದಳು, ಎದ್ದಳು. ಎದ್ದವಳು ನಿಂತಳು.

'ಅವತ್ತು ನನ್ನ ಅಂಕಿ ಹೊಡೆದುಹಾಕಿದ್ರಲ್ಲ, ಅವರು ಯಾರು ಸರ್? ಒಂದ್ಸಲ ನೋಡ್ಬೇಕಿತ್ತು.'

ಎ.ಸಿ. ಗೊರಗೊರ ಅನ್ನುತ್ತಿತ್ತು. ಗುಮಾಸ್ತ ಫೈಲು ಕೆಳಗಿಟ್ಟ. ಬಾಗಿಲ ಹತ್ತಿರ ಕ್ಯಾನ್ವಾಸ್ ಬೂಟುಗಳು ಕಂಡವು.

'ಅವರು ರಿಟೈರ್ ಆಗಿಹೋದ್ರಮ್ಮ' ಎಂದ.

ಆಡಿದ ಮೇಲೆ ತಿಳಿಯಿತು, ಮೆತ್ತನೆಯ ದನಿ ಮರೆತುಹೋಗಿತ್ತು. ಬಂದದ್ದು ಫೋನಿನ ದನಿ, ನಾಲ್ಕು ಬೇಸಿಗೆ ಅವಳ ಕಿವಿಯಲ್ಲಿ 'ಹೂಂ' ಎಂದು ಕತ್ತರಿಸಿದ ಅದೇ ದನಿ, ತಣ್ಣಗೆ, ಗಟ್ಟಿಯಾಗಿ. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಅವಳು ಸ್ವಲ್ಪ ಬಾಗಿದಳು, ಪಾದರಸ ಓದುವವರು ಕಣ್ಣನ್ನು ಅದರ ಮಟ್ಟಕ್ಕೆ ತರುವ ಹಾಗೆ, ಕುರ್ಚಿಯಲ್ಲಿ ಕುಳಿತಿದ್ದ ಅವನ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು ತಂದಳು. ಅವನು ಬೇರೆ ಕಡೆ ನೋಡಬೇಕೆಂದುಕೊಂಡ, ಆಗಲಿಲ್ಲ. ಅವಳಿಗೆ ಅವಸರವಿರಲಿಲ್ಲ.

'ಆರೋಗ್ಯವಾಗಿದಾರಾ?'

'ಇದಾರೆ.'

'ಇರ್ಲಿ' ಎಂದಳು ಟೀಚರು. 'ಬಹಳ ವರ್ಷ ಇರ್ಲಿ ಸರ್. ಮುಂದೆ ಬರೋ ಬೇಸಿಗೆ ಒಂದೂ ಬಿಡದೆ ನೋಡ್ಲಿ.'